ಟರ್ಮಿನಲ್‌ನಿಂದಲೇ ಮೈನ್‌ಕ್ರಾಫ್ಟ್ ಸರ್ವರ್

ಮೈನ್‌ಕ್ರಾಫ್ಟ್ ಆಟದಲ್ಲಿ ಗೆಳೆಯರೆಲ್ಲ ಸೇರಿ ಕಟ್ಟಿದ ಲೋಕ ಒಬ್ಬರ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಮಾಯವಾಗಬಾರದು. ಅದಕ್ಕೇ ಆಟವನ್ನು ಸದಾ ನಡೆಸುತ್ತಿರುವ ಪ್ರತ್ಯೇಕ ಸರ್ವರ್ ಇರಲಿ ಅನ್ನುತ್ತೇನೆ.

ಲಿನಕ್ಸ್‌ನಲ್ಲಿ ಆಟಕ್ಕೆಂದೇ ಬೇರೆ ಯೂಸರ್ ಮಾಡಿ. ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಿ ಓಡಿಸಲೇಬೇಡಿ. ಆಟದ 1.21 ಆವೃತ್ತಿಗೆ ಜಾವಾ 21 ಬೇಕು. ಅಧಿಕೃತ ತಾಣದ ಸರ್ವರ್ ಜಾರ್ ಫೈಲನ್ನು (ಜಾವಾ ಪ್ರೋಗ್ರಾಂ) ಖಾಲಿ ಫೋಲ್ಡರ್‌ನಲ್ಲಿಟ್ಟು ಒಮ್ಮೆ ಓಡಿಸಿ. ತಾನೇ ನಿಂತುಬಿಡುತ್ತದೆ, ಗಾಬರಿ ಬೇಡ. ಯೂಲಾ (ಬಳಕೆಯ ಒಪ್ಪಂದ) ಎಂಬ ಫೈಲ್ ಹುಟ್ಟಿರುತ್ತದೆ. ಷರತ್ತು ಓದಿ, ಒಪ್ಪಿಗೆಯಾದರೆ ಫೈಲನ್ನು ನ್ಯಾನೋ ಎಂಬ ಟರ್ಮಿನಲ್ ಎಡಿಟರ್‌ನಲ್ಲಿ ತೆರೆದು ‘ಫಾಲ್ಸ್’ ಇದ್ದಲ್ಲಿ ‘ಟ್ರೂ’ ಮಾಡಿ.

ಮತ್ತೆ ಓಡಿಸುವ ಮುನ್ನ ಟಿಮಕ್ಸ್ ತೆರೆಯಿರಿ, ಇದು ನೀವು ಹೊರಬಂದರೂ ಟರ್ಮಿನಲ್ಲನ್ನು ಜೀವಂತವಾಗಿಡುವ ಪ್ರೋಗ್ರಾಂ. ಇದನ್ನು ಮಾತ್ರ ಬಿಡಬೇಡಿ: ಇಲ್ಲದಿದ್ದರೆ ಎಸ್‌ಎಸ್‌ಎಚ್ (ದೂರದಿಂದ ಆ ಯಂತ್ರದ ಟರ್ಮಿನಲ್ ಬಳಸುವ) ಸಂಪರ್ಕ ಕಡಿದಾಗ ಸರ್ವರ್ ಕೂಡ ನಿಂತುಹೋಗುತ್ತದೆ. ಅದರೊಳಗೆ ಸರ್ವರ್ ಓಡಿಸಿ, ಕಂಟ್ರೋಲ್-ಬಿ, ಆಮೇಲೆ ಡಿ ಒತ್ತಿ ಹೊರಬನ್ನಿ. ಆಟ ಒಳಗೆ ನಡೆಯುತ್ತಲೇ ಇರುತ್ತದೆ. 4 ಜಿಬಿ ಮೆಮೊರಿಯ ಯಂತ್ರದಲ್ಲಿ ನಾನು ಜಾವಾಗೆ 2 ಜಿಬಿ ಮಾತ್ರ ಕೊಡುತ್ತೇನೆ, ಉಳಿದದ್ದು ಸಿಸ್ಟಮ್‌ಗೆ.

ಮೊದಲು ವೈಟ್‌ಲಿಸ್ಟ್ (ಒಳಬರಬಹುದಾದವರ ಪಟ್ಟಿ) ಆನ್ ಮಾಡಿ ಗೆಳೆಯರ ಹೆಸರು ಸೇರಿಸಿ, ಆಮೇಲೆ ಫೈರ್‌ವಾಲ್‌ನಲ್ಲಿ ಆಟದ ಸಂಪರ್ಕ ಬರುವ ಟಿಸಿಪಿ ಪೋರ್ಟ್ 25565 ತೆರೆಯಿರಿ. ತೆರೆದ ಪೋರ್ಟ್ ಹುಡುಕುತ್ತಾ ಅಲೆಯುವ ಬಾಟ್‌ಗಳಿಗೆ ಬಿಡುವೇ ಇಲ್ಲ.

ನಿಲ್ಲಿಸಲು ಕನ್ಸೋಲ್‌ನಲ್ಲಿ ‘ಸ್ಟಾಪ್’ ಎಂದೇ ಟೈಪ್ ಮಾಡಿ. ಪ್ರೊಸೆಸ್ಸನ್ನು ಬಲವಂತವಾಗಿ ಕೊಂದರೆ ಯಾರೋ ಆಗಷ್ಟೇ ಕಟ್ಟಿದ ಗೋಡೆ ಡಿಸ್ಕ್ ಸೇರದೆ ಹೋಗಬಹುದು. ನಿಂತ ಮೇಲೆ ಲೋಕವಿರುವ ‘ವರ್ಲ್ಡ್’ ಫೋಲ್ಡರ್‌ನ ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ ಇಟ್ಟುಕೊಳ್ಳಿ.