ಬಂಡೆ ಸಿಡಿಸುವ ಮುನ್ನ: ಬ್ಲಾಸ್ಟಿಂಗ್ ಸಲಹೆಗಾರರನ್ನು ಆರಿಸುವುದು ಹೇಗೆ?

ಪಾಯ ಅಗೆಯುವಾಗ ಯಂತ್ರಕ್ಕೆ ಬಗ್ಗದ ಬಂಡೆ ಎದುರಾದರೆ ಅಥವಾ ಗಣಿಯ ಅಂಚು ಮನೆಗಳತ್ತ ಸರಿಯತೊಡಗಿದರೆ ಬ್ಲಾಸ್ಟಿಂಗ್ ಸಲಹೆಗಾರರು ಬೇಕೇ ಬೇಕು. ಆದರೆ ಎಷ್ಟೋ ಯೋಜನೆಗಳಲ್ಲಿ ಅವರಿಗೆ ಕರೆ ಹೋಗುವುದು ಪಕ್ಕದ ಕಟ್ಟಡದ ಗೋಡೆ ಬಿರುಕು ಬಿಟ್ಟಿತೆಂಬ ದೂರು ಬಂದ ಮೇಲೆ. ಆ ಬಿರುಕು ಸ್ಫೋಟದಿಂದ ಮೂಡಿದ್ದೋ, ಮೊದಲೇ ಇದ್ದದ್ದೋ ಎಂದು ನಿರ್ಣಯಿಸಲು ಅಷ್ಟುಹೊತ್ತಿಗೆ ಯಾವ ದಾಖಲೆಯೂ ಇರುವುದಿಲ್ಲ. ಸ್ಫೋಟಕ ತುಂಬುವ ಮೊದಲ ಕುಳಿ ಕೊರೆಯುವ ಮುನ್ನವೇ ಆಯ್ಕೆ ಮುಗಿದಿರಬೇಕು.

ಮೊದಲು ನಿಮ್ಮ ಜಾಗದ ಪಟ್ಟಿ

ಯಾರನ್ನಾದರೂ ಸಂಪರ್ಕಿಸುವ ಮೊದಲು ಜಾಗದ ವಿವರಗಳನ್ನು ಬರೆದಿಟ್ಟುಕೊಳ್ಳಿ. ಹತ್ತಿರದ ಕಟ್ಟಡ ಎಷ್ಟು ಮೀಟರ್ ದೂರದಲ್ಲಿದೆ, ನೆಲದಡಿ ಯಾವ ಪೈಪು, ಕೇಬಲ್‌ಗಳಿವೆ, ಬಾವಿಗಳಿವೆಯೇ, ಇಳಿಜಾರು ಗಟ್ಟಿಯಾಗಿದೆಯೇ, ಸಮೀಪದಲ್ಲಿ ಹೊಸದಾಗಿ ಕಾಂಕ್ರೀಟ್ ಹಾಕಲಾಗಿದೆಯೇ ಎಂಬುದೆಲ್ಲ ಅದರಲ್ಲಿರಲಿ. ಹಾಕಿದ ಮೊದಲ ದಿನಗಳಲ್ಲಿ ಕಾಂಕ್ರೀಟ್ ಇನ್ನೂ ಬಲಿತಿರುವುದಿಲ್ಲ. ಕಂಪನದಿಂದ ಅದನ್ನು ಕಾಪಾಡಬೇಕಾಗುತ್ತದೆ. ಕೆಲಸ ಯಾವ ಬಗೆಯದು ಎಂಬುದನ್ನೂ ಸ್ಪಷ್ಟಪಡಿಸಿ. ತೆರೆದ ಕಲ್ಲುಗಣಿ, ಸುರಂಗ, ನೀರಿನಡಿಯ ಬಂಡೆ, ಜನವಸತಿಯ ನಡುವಿನ ಪಾಯ ಇವೆಲ್ಲ ಬೇರೆ ಬೇರೆ ವಿದ್ಯೆಗಳು. ದೊಡ್ಡ ಗಣಿಯಲ್ಲಿ ಹೆಸರು ಮಾಡಿದವರಿಗೆ ಆಸ್ಪತ್ರೆಯ ಪಕ್ಕದ ಪಾಯ ತೆಗೆದ ಅನುಭವ ಇಲ್ಲದಿರಬಹುದು.

ಪರವಾನಗಿ ಸಾಲದು

ಸ್ಫೋಟಕಗಳನ್ನು ಕೈಯಲ್ಲಿ ಹಿಡಿಯಲು, ಕುಳಿಗೆ ತುಂಬಿ ಸಿಡಿಸಲು ಸರ್ಕಾರದ ಪರವಾನಗಿ ಬೇಕು. ಅದಿಲ್ಲದವರು ಕೆಲಸದ ಜಾಗಕ್ಕೆ ಕಾಲಿಡಬಾರದು. ಆದರೆ ಸಿಡಿಸಲು ಬರುವುದೂ ಸ್ಫೋಟದ ವಿನ್ಯಾಸ ಮಾಡಲು ಬರುವುದೂ ಒಂದೇ ಅಲ್ಲ. ಕುಳಿಗಳ ಅಂತರ, ಆಳ, ಪ್ರತಿ ಕುಳಿಯ ಮದ್ದಿನ (ಸ್ಫೋಟಕದ) ತೂಕ, ಯಾವುದು ಎಷ್ಟು ಮಿಲಿಸೆಕೆಂಡ್ ತಡವಾಗಿ ಸಿಡಿಯಬೇಕು ಎಂಬುದನ್ನು ಲೆಕ್ಕ ಹಾಕಿ ಅದಕ್ಕೆ ಸಹಿ ಹಾಕುವವರು ಸಲಹೆಗಾರರು. ಗಣಿ ಎಂಜಿನಿಯರಿಂಗ್ ಅಥವಾ ಭೂವಿಜ್ಞಾನದ ಹಿನ್ನೆಲೆ, ಅದರ ಜೊತೆಗೆ ಸ್ಥಳದಲ್ಲೇ ನಿಂತು ಮಾಡಿಸಿದ ವರ್ಷಗಳ ಕೆಲಸ, ಎರಡೂ ಇರಬೇಕು.

ಮುಖಾಮುಖಿ ಮಾತು

ಆಯ್ಕೆ ನಿಜವಾಗಿ ತೀರ್ಮಾನವಾಗುವುದು ಇಲ್ಲಿಯೇ. ನಿಮ್ಮ ಜಾಗವನ್ನು ನೋಡದೆ, ಬಂಡೆಯ ಬಿರುಕು, ಪದರಗಳ ಬಗ್ಗೆ ಕೇಳದೆ, ಮೊದಲ ಫೋನ್ ಕರೆಯಲ್ಲೇ ‘ಏನೂ ತೊಂದರೆಯಾಗುವುದಿಲ್ಲ’ ಎನ್ನುವವರನ್ನು ಅಲ್ಲಿಗೇ ಕೈಬಿಡಿ. ಒಳ್ಳೆಯ ಸಲಹೆಗಾರರು ಉತ್ತರ ಕೊಡುವುದಕ್ಕಿಂತ ಮೊದಲು ಪ್ರಶ್ನೆ ಕೇಳುತ್ತಾರೆ.

ನೀವು ಕೇಳಬೇಕಾದ ಮೊದಲ ಪ್ರಶ್ನೆ: ಕಂಪನದ ಮಿತಿಯನ್ನು ಹೇಗೆ ನಿಗದಿ ಮಾಡುತ್ತೀರಿ? ನೆಲದ ಕಂಪನವನ್ನು ಅಳೆಯುವುದು ಮಣ್ಣಿನ ಕಣ ಎಷ್ಟು ವೇಗವಾಗಿ ಅಲುಗಿತು ಎಂಬುದರಿಂದ, ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು. ವೇಗವೊಂದನ್ನೇ ಹೇಳಿ ಸುಮ್ಮನಾದರೆ ಉತ್ತರ ಅರ್ಧವಷ್ಟೇ. ಅಲೆಯ ಆವರ್ತನವೂ, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಅಲುಗುತ್ತದೆ ಎಂಬುದೂ ಅಷ್ಟೇ ಮುಖ್ಯ; ಅದನ್ನು ಹೇಳುವುದು ಹರ್ಟ್ಸ್‌ನಲ್ಲಿ. ಅಮೆರಿಕದ ಗಣಿ ಬ್ಯೂರೋ 1980ರಲ್ಲಿ ಪ್ರಕಟಿಸಿದ ಅಧ್ಯಯನ ಮನೆಗಳಿಗೆ ಸೂಚಿಸಿದ ಮಿತಿ, 40 ಹರ್ಟ್ಸ್‌ಗಿಂತ ಹೆಚ್ಚಿನ ಆವರ್ತನದಲ್ಲಿ ಸೆಕೆಂಡಿಗೆ ಸುಮಾರು 50 ಮಿಲಿಮೀಟರ್. ಕಡಿಮೆ ಆವರ್ತನದಲ್ಲಿ, ಒಳಗೋಡೆಗೆ ಹಳೆಯ ಬಗೆಯ ಗಾರೆ ಇರುವ ಮನೆಗಳಿಗೆ ಅದು 12.7 ಮಿಲಿಮೀಟರಿಗೆ ಇಳಿಯುತ್ತದೆ. ನಿಧಾನದ ಅಲೆ ಮನೆಯ ಸಹಜ ತೂಗಾಟಕ್ಕೆ ತಾಳ ಕೂಡಿಬಿಡುವುದೇ ಇದಕ್ಕೆ ಕಾರಣ. ಜರ್ಮನಿಯ ಡಿಐಎನ್ 4150 ಮಾನದಂಡ ಇನ್ನೂ ಬಿಗಿ: 10 ಹರ್ಟ್ಸ್‌ಗಿಂತ ಕೆಳಗೆ ವಾಸದ ಮನೆಯ ಪಾಯದಲ್ಲಿ ಸೆಕೆಂಡಿಗೆ 5 ಮಿಲಿಮೀಟರ್, ಪಾರಂಪರಿಕ ಕಟ್ಟಡಕ್ಕೆ 3. ನಿಮ್ಮ ಜಾಗಕ್ಕೆ ಯಾವ ನಿಯಮ ಅನ್ವಯಿಸುತ್ತದೆ, ಏಕೆ ಎಂಬುದನ್ನು ಸಲಹೆಗಾರರು ತಡವರಿಸದೆ ವಿವರಿಸಬೇಕು.

ಎರಡನೆಯದು ಸಿಡಿಗಲ್ಲಿನ ಪ್ರಶ್ನೆ. ಕಂಪನದ ಹಾನಿ ಹೆಚ್ಚಾಗಿ ಗೋಡೆಗೆ. ಹಾರಿಬರುವ ಕಲ್ಲು ತೆಗೆಯುವುದು ಜೀವವನ್ನೇ. ಮುಂಭಾಗದ ಬಂಡೆಯ ದಪ್ಪವನ್ನು ಹೇಗೆ ಅಳೆಯುತ್ತಾರೆ, ಕುಳಿಯ ಬಾಯಿಗೆ ಏನನ್ನು ಎಷ್ಟು ಉದ್ದಕ್ಕೆ ತುಂಬಿಸುತ್ತಾರೆ, ಜನರನ್ನು ಎಷ್ಟು ದೂರ ಸರಿಸುತ್ತಾರೆ ಎಂದು ಬಿಡಿಸಿ ಕೇಳಿ. ಸಿಡಿಯದೆ ಉಳಿದ ಮದ್ದಿನ ಬಗ್ಗೆ ಕೇಳಲು ಹಿಂಜರಿಯಬೇಡಿ. ಹಳೆಯ ಕುಳಿಯ ತಳದಲ್ಲಿ ಉಳಿದ ಸ್ಫೋಟಕಕ್ಕೆ ಡ್ರಿಲ್ ತಗುಲಿ ಕಾರ್ಮಿಕರು ಸತ್ತ ಪ್ರಸಂಗಗಳಿವೆ. ಅಂಥ ಕುಳಿಯನ್ನು ಗುರುತಿಸಿ ನಿಭಾಯಿಸುವ ಕ್ರಮ ಅವರಲ್ಲಿ ಲಿಖಿತವಾಗಿರಬೇಕು.

ಹಳೆಯ ಕೆಲಸದ ಸಾಕ್ಷ್ಯ

ಪ್ರಶಂಸಾಪತ್ರಗಳಿಗಿಂತ ಹಳೆಯ ಸ್ಫೋಟಗಳ ವರದಿಗಳನ್ನು ಕೇಳಿ ಪಡೆಯಿರಿ. ಕಂಪನಮಾಪಕದ ಪೂರ್ತಿ ದಾಖಲೆ, ಉಪಕರಣ ಸರಿಯಾಗಿ ಅಳೆಯುತ್ತದೆ ಎಂಬುದರ ಮಾಪನಾಂಕ ನಿರ್ಣಯ ಪ್ರಮಾಣಪತ್ರ, ಲೆಕ್ಕ ಹಾಕಿದ ಕಂಪನ ಮತ್ತು ನಿಜವಾಗಿ ಬಂದ ಕಂಪನದ ಹೋಲಿಕೆ ಅದರಲ್ಲಿರಬೇಕು. ಎಲ್ಲವೂ ಸರಿಹೋದ ವರದಿಗಳನ್ನಷ್ಟೇ ಕೊಟ್ಟರೆ, ಮಿತಿ ಮೀರಿದ ಒಂದನ್ನು ತೋರಿಸಿ, ಆಮೇಲೆ ಏನನ್ನು ಬದಲಿಸಿದಿರಿ ಎಂದು ಕೇಳಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸಾಧ್ಯವಾದರೆ ಅವರು ಮುಗಿಸಿದ ಜಾಗಕ್ಕೂ ಹೋಗಿಬನ್ನಿ. ಅಂಚಿನ ಬಂಡೆಯನ್ನು ಜಾಗರೂಕತೆಯಿಂದ ಸೀಳಿದ್ದರೆ ಕುಳಿಗಳ ಅರ್ಧ ಕೊಳವೆಯಂಥ ಗುರುತುಗಳು ಗೋಡೆಯ ಮೇಲೆ ಸಾಲಾಗಿ ಕಾಣುತ್ತವೆ. ಗೋಡೆ ಚೂರುಚೂರಾಗಿದ್ದರೆ ಬಂಡೆಯೇ ಸಡಿಲವೋ, ಮದ್ದು ಹೆಚ್ಚಾಯಿತೋ ಎಂದು ಅವರನ್ನೇ ಕೇಳಬೇಕು.

ಯಾರ ಹಣ, ಯಾರ ಪರ?

ಸ್ಫೋಟಕ ಮಾರುವ ಕಂಪನಿಯೇ ಉಚಿತವಾಗಿ ಸಲಹೆಗಾರರನ್ನು ಕಳುಹಿಸುವುದುಂಟು. ಅವರಲ್ಲೂ ನಿಪುಣರಿದ್ದಾರೆ. ಆದರೆ ಮದ್ದು ಕಡಿಮೆ ಮಾಡಿ ಅಥವಾ ಇಲ್ಲಿ ಸ್ಫೋಟವೇ ಬೇಡ, ಯಂತ್ರದಿಂದ ಒಡೆಯಿರಿ ಎಂದು ಹೇಳಬೇಕಾದ ದಿನ ಅವರ ಬಾಯಿ ಕಟ್ಟಿರುತ್ತದೆ. ಸುತ್ತ ಜನವಸತಿ ಇದ್ದಲ್ಲಿ ಮಾರಾಟಗಾರರಿಂದಲೂ ಗುತ್ತಿಗೆದಾರರಿಂದಲೂ ಹೊರತಾದವರನ್ನೇ ನೇಮಿಸಿ, ಶುಲ್ಕವನ್ನು ನೀವೇ ಕೊಡಿ.

ಒಪ್ಪಂದದಲ್ಲಿ ಇರಬೇಕಾದದ್ದು

ಸುತ್ತಲಿನ ಕಟ್ಟಡಗಳ ಪೂರ್ವ ಸಮೀಕ್ಷೆ ಫೋಟೊ ಸಹಿತ ನಡೆಯಬೇಕು. ಮೊದಲು ಸಣ್ಣ ಪ್ರಮಾಣದ ಪ್ರಾಯೋಗಿಕ ಸ್ಫೋಟ ಮಾಡಿ, ಅಲ್ಲಿ ಅಳೆದ ಅಂಕಿಗಳಿಂದ ವಿನ್ಯಾಸವನ್ನು ತಿದ್ದಬೇಕು. ವೃತ್ತಿ ಹೊಣೆಗಾರಿಕೆಯ ವಿಮೆ ಚಾಲ್ತಿಯಲ್ಲಿರಬೇಕು. ಸಲಹೆಗಾರರೇ ಸ್ವತಃ ಹಾಜರಿರಬೇಕಾದ ಸ್ಫೋಟಗಳು ಯಾವುವು ಎಂಬುದನ್ನೂ ಬರೆಸಿ. ಅನುಭವಿಯನ್ನು ಮಾತುಕತೆಗೆ ಕರೆತಂದು ಕೆಲಸದ ದಿನ ಹೊಸಬರನ್ನು ಕಳುಹಿಸುವ ಪದ್ಧತಿಗೆ ಅಲ್ಲೇ ತಡೆ ಬೀಳುತ್ತದೆ. ಅನುಮಾನ ಬಂದ ಕ್ಷಣ ಸ್ಫೋಟವನ್ನು ನಿಲ್ಲಿಸುವ ಅಧಿಕಾರ ಸಲಹೆಗಾರರಿಗೆ ಇರಬೇಕು. ಹಾಗೆ ನಿಲ್ಲಿಸಿದ್ದಕ್ಕೆ ಅವರ ಶುಲ್ಕದಲ್ಲಿ ಕಡಿತವಾಗುವುದಿಲ್ಲ ಎಂಬ ಸಾಲನ್ನೂ ಸೇರಿಸಿಯೇ ಸಹಿ ಹಾಕಿ.