ಪಟ್ಟಿಯಲ್ಲಿದ್ದವರನ್ನು ವಿಮಾನ ಹತ್ತಿಸುವ ಕೆಲಸ

ಯುದ್ಧ ನಿಂತ ದೇಶಕ್ಕೆ ಸೈನಿಕರನ್ನು ಕಳುಹಿಸುವುದು ಸರ್ಕಾರಗಳಿಗೆ ರೂಢಿಯಾದ ಕೆಲಸ. ಆದರೆ ನ್ಯಾಯಾಲಯದ ಆಡಳಿತ ಬಲ್ಲವರನ್ನೋ, ನೀರು ಸರಬರಾಜಿನ ಎಂಜಿನಿಯರನ್ನೋ, ಖಜಾನೆಯ ಲೆಕ್ಕಾಧಿಕಾರಿಯನ್ನೋ ಎರಡು ವಾರದೊಳಗೆ ಕಳುಹಿಸಿ ಎಂದರೆ ಎಲ್ಲರೂ ಕಡತ ಹುಡುಕತೊಡಗುತ್ತಾರೆ. ಅಂಥವರನ್ನು ಕಳುಹಿಸುವುದಕ್ಕೆಂದೇ ವಿದೇಶಾಂಗ ಇಲಾಖೆಯೊಂದು ತೆರೆದಿದ್ದ ಸಣ್ಣ ಘಟಕದಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ತಜ್ಞರ ಪಟ್ಟಿಯ ಹೊಣೆ ನನ್ನದಾಗಿತ್ತು.

ಇಂಥ ಘಟಕಗಳು ಹುಟ್ಟಿದ್ದಕ್ಕೆ ಕಾರಣವಿತ್ತು. 1999ರಲ್ಲಿ ಭದ್ರತಾ ಮಂಡಳಿಯ 1244ನೇ ನಿರ್ಣಯ ಕೊಸೊವೊವನ್ನೂ 1272ನೇ ನಿರ್ಣಯ ಪೂರ್ವ ಟಿಮೋರನ್ನೂ ವಿಶ್ವಸಂಸ್ಥೆಯ ಆಡಳಿತಕ್ಕೆ ಒಪ್ಪಿಸಿದಾಗ, ಪೊಲೀಸ್ ಠಾಣೆಯಿಂದ ತೆರಿಗೆ ವಸೂಲಿಯವರೆಗೆ ಎಲ್ಲವನ್ನೂ ಹೊರಗಿನವರೇ ನಡೆಸಬೇಕಾಯಿತು. ಪಡೆಗಳು ಬೇಗ ಬಂದಿಳಿದವು, ಪೊಲೀಸರು ಮತ್ತು ನ್ಯಾಯಾಧೀಶರು ಬರುವುದು ತಡವಾಯಿತು. 2000ದ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟವು 5,000 ಪೊಲೀಸರನ್ನು, ಅವರಲ್ಲಿ 1,000 ಮಂದಿಯನ್ನು 30 ದಿನಗಳೊಳಗೆ, ಕಳುಹಿಸುವ ಶಕ್ತಿ ಬೆಳೆಸಿಕೊಳ್ಳುವ ಗುರಿ ಇಟ್ಟುಕೊಂಡಿತು. 2004ರಲ್ಲಿ ಅಮೆರಿಕ ಮತ್ತು ಬ್ರಿಟನ್ ಇದಕ್ಕಾಗಿಯೇ ಪ್ರತ್ಯೇಕ ಕಚೇರಿಗಳನ್ನು ತೆರೆದವು. ನಮ್ಮ ಘಟಕವೂ ಅದೇ ಗಾಳಿಯಲ್ಲಿ ಹುಟ್ಟಿದ್ದು.

ಮೊದಲ ವರ್ಷವಿಡೀ ನಾನು ಹೆಸರು ಕೂಡಿಹಾಕಿದೆ. ನಾನೂರಕ್ಕೂ ಹೆಚ್ಚು ಹೆಸರುಗಳಾದಾಗ ಹೆಮ್ಮೆಪಟ್ಟದ್ದೂ ಉಂಟು. ಆಮೇಲೆ ಮೊದಲ ಬೇಡಿಕೆ ಬಂತು: ಹನ್ನೆರಡು ಮಂದಿಯ ತಂಡ, ಹದಿನಾಲ್ಕು ದಿನಗಳ ಗಡುವು. ಮೂರು ದಿನ ಕೂತು ನಲವತ್ಮೂರು ಮಂದಿಗೆ ಫೋನ್ ಮಾಡಿದೆವು. ಹೊರಡಲು ಮನಸ್ಸಿದ್ದವರು ಇಪ್ಪತ್ತಕ್ಕೂ ಹೆಚ್ಚು. ಮಾತೃ ಇಲಾಖೆ ಬಿಟ್ಟುಕೊಟ್ಟದ್ದು ಐವರನ್ನು. ನೀರಿನ ಎಂಜಿನಿಯರೊಬ್ಬರು ನಾನು ಊರಿನ ಹೆಸರು ಹೇಳಿ ಮುಗಿಸುವ ಮೊದಲೇ ಒಪ್ಪಿದರು. ಮರುದಿನ ಬೆಳಿಗ್ಗೆ ಅವರ ಮೇಲಧಿಕಾರಿಯ ಫೋನ್: "ಅವರನ್ನು ಆರು ತಿಂಗಳು ನಿಮಗೆ ಕೊಟ್ಟರೆ ಇಲ್ಲಿನ ಪಂಪ್‌ಹೌಸ್ ಯಾರು ನೋಡಿಕೊಳ್ಳಬೇಕು, ನೀವು ಬರುತ್ತೀರಾ?" ಕೋಪ ಬಂದದ್ದು ನಿಜ, ಆದರೆ ಆತ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಸಂಬಳ ಅವರ ಲೆಕ್ಕದಲ್ಲಿ, ನಿಂತುಹೋಗುವ ಕೆಲಸ ಅವರದು, ಹೆಸರು ಮಾತ್ರ ನಮಗೆ.

ಮುಂದಿನ ಎರಡು ವರ್ಷ ನಾನು ಮಾಡಿದ್ದು ಬಹುತೇಕ ಕಡತದ ಕೆಲಸ. ಎರವಲು ಸೇವೆಗೆ ಹೋದವರ ಜಾಗಕ್ಕೆ ಬರುವ ಬದಲಿ ನೌಕರರ ಸಂಬಳವನ್ನು ನಮ್ಮ ಲೆಕ್ಕಶೀರ್ಷಿಕೆಯಿಂದಲೇ ಕೊಡಲು ಹಣಕಾಸಿನವರನ್ನು ಒಪ್ಪಿಸಬೇಕಾಯಿತು. ಹೆಸರು ಪಟ್ಟಿಗೆ ಸೇರುವ ದಿನವೇ ಮಾತೃ ಇಲಾಖೆ ಬಿಡುಗಡೆಗೆ ಮುಂಗಡ ಒಪ್ಪಿಗೆ ಕೊಟ್ಟು ಅದನ್ನು ಪ್ರತಿವರ್ಷ ನವೀಕರಿಸಬೇಕೆಂಬ ನಿಯಮವನ್ನೂ, ನವೀಕರಿಸದ ಹೆಸರನ್ನು ತೆಗೆದುಹಾಕುವ ನಿಯಮವನ್ನೂ ತಂದೆವು. ನಾನೂರು ನೂರಮೂವತ್ತಕ್ಕೆ ಇಳಿಯಿತು. ವಾರ್ಷಿಕ ವರದಿಯಲ್ಲಿ ಅಂಕಿ ಕುಸಿದದ್ದು ಮೇಲಿನವರಿಗೆ ಹಿಡಿಸಲಿಲ್ಲ. ದೊಡ್ಡ ಅಂಕಿಗಳ ಮೋಹ ನಮ್ಮೊಬ್ಬರದೇ ಏನಲ್ಲ: ಅಮೆರಿಕದ 2008ರ ಯೋಜನೆಯಲ್ಲಿ 250 ಮಂದಿ ಪೂರ್ಣಾವಧಿಯವರು, ಸರ್ಕಾರಿ ಇಲಾಖೆಗಳಿಂದ ಕರೆದಾಗ ಬರುವ 2,000, ಸರ್ಕಾರದ ಹೊರಗಿನಿಂದ ಇನ್ನೂ 2,000 ಎಂದಿತ್ತು, ಹೊರಗಿನವರ ಮೀಸಲು ಪಡೆಗೆ ಸಂಸತ್ತಿನಿಂದ ಹಣವೇ ಬರಲಿಲ್ಲ. ಪೂರ್ಣಾವಧಿಯವರು ದುಬಾರಿ, ನಿಜ. ಆದರೆ ಕರೆದ ವಾರವೇ ಹೊರಡುವವರು ಅವರು ಮಾತ್ರ ಎಂಬುದು ನನ್ನ ಅಭಿಪ್ರಾಯ. ನಾವು ಒಂಬತ್ತು ಮಂದಿಯನ್ನು ಹಾಗೆ ಇಟ್ಟುಕೊಂಡೆವು.

ಇದರ ನಡುವೆ ಯಾರೂ ಯೋಚಿಸದ ಸಣ್ಣಪುಟ್ಟ ತೊಡಕುಗಳಿದ್ದವು. ಜೀವವಿಮೆಯ ಷರತ್ತುಗಳಲ್ಲಿ ಯುದ್ಧದಿಂದಾದ ಸಾವಿಗೆ ಪರಿಹಾರವಿಲ್ಲವೆಂಬ ಸಾಲು ನಮ್ಮ ಕಣ್ಣಿಗೆ ಬಿದ್ದದ್ದು ತಂಡ ಹೊರಡಲು ನಾಲ್ಕು ದಿನವಿರುವಾಗ. ಹೊರಗೆ ಆರು ತಿಂಗಳು ದುಡಿದು ಬಂದವರ ಸೇವಾ ವರದಿಯಲ್ಲಿ ಆ ಅವಧಿ ಖಾಲಿ ಬಿದ್ದಿದ್ದರಿಂದ ಬಡ್ತಿಯಲ್ಲಿ ಹಿಂದುಳಿದವರೂ ಇದ್ದರು. ಅವರು ಎರಡನೆಯ ಸಲ ನಮ್ಮ ಫೋನ್ ಎತ್ತಲಿಲ್ಲ.

ನಾನು ಕ್ಷೇತ್ರಕ್ಕೆ ಹೋದದ್ದು ಒಂದೇ ಬಾರಿ, ಒಂದು ಜಿಲ್ಲಾ ನ್ಯಾಯಾಲಯಕ್ಕೆ. ನಾವು ಕಳುಹಿಸಿದ ತಜ್ಞೆ ನಲವತ್ತು ಪುಟಗಳ ಸುಧಾರಣಾ ಯೋಜನೆಯೊಂದಿಗೆ ಬಂದಿದ್ದರು. ಮೊಗಸಾಲೆಯಲ್ಲಿ ಆಳೆತ್ತರಕ್ಕೆ ಪೇರಿಸಿದ್ದ, ಮಳೆನೀರು ತಾಗಿ ಅಂಚು ಕಪ್ಪಾಗಿದ್ದ ಕಡತಗಳನ್ನು ಕಂಡು ಯೋಜನೆಯನ್ನು ಪಕ್ಕಕ್ಕಿಟ್ಟು ಅವನ್ನು ವರ್ಷವಾರು ಜೋಡಿಸತೊಡಗಿದರು. ಅಲ್ಲಿನ ಹಳೆಯ ಗುಮಾಸ್ತ ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಅಷ್ಟನ್ನೂ ಮತ್ತೆ ಹಳ್ಳಿವಾರು ಮಾಡಿಟ್ಟ. ಕಕ್ಷಿದಾರರು ಬಂದು ಹೇಳುತ್ತಿದ್ದುದು ಹಳ್ಳಿಯ ಹೆಸರನ್ನು. ದಾವೆ ಹೂಡಿದ ವರ್ಷ ಯಾರಿಗೂ ನೆನಪಿರಲಿಲ್ಲ. ಆಕೆ ತಮ್ಮ ಕ್ರಮವನ್ನು ಬಿಟ್ಟು, ಆತ ಹೇಳಿದಂತೆ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತ ಕೂತಿದ್ದರು. ಹಿಂದಿರುಗಿದ ಮೇಲೆ ನಾನು ಸಂದರ್ಶನದ ಪ್ರಶ್ನೆಗಳನ್ನು ಬದಲಿಸಿದೆ: ನೀವು ಏನನ್ನು ಸುಧಾರಿಸಿದಿರಿ ಎಂದು ಕೇಳುವ ಬದಲು, ಬೇರೆಯವರ ಪದ್ಧತಿಯನ್ನು ಬದಲಿಸದೆ ಅದರೊಳಗೇ ಮಾಡಿ ಮುಗಿಸಿದ ಒಂದು ಕೆಲಸ ಹೇಳಿ ಎಂದು ಕೇಳತೊಡಗಿದೆ. ತುಂಬಾ ಅರ್ಹತೆಯಿದ್ದ ಹಲವರು ಅಲ್ಲಿ ತಡವರಿಸಿದರು.

ಕೊನೆಯ ವರ್ಷದಲ್ಲಿ ಮತ್ತೆ ಹನ್ನೆರಡು ಮಂದಿಯ ಬೇಡಿಕೆ ಬಂದಾಗ ಹದಿನೈದು ಮಂದಿಗೆ ಫೋನ್ ಮಾಡಿದೆವು. ಒಂಬತ್ತನೆಯ ದಿನ ಹತ್ತು ಮಂದಿ ಹೊರಟರು. ಉಳಿದಿಬ್ಬರು ತಡವಾದದ್ದು ಇಲಾಖೆಗಳಿಂದಲ್ಲ, ಅವರ ಪಾಸ್‌ಪೋರ್ಟ್ ಅವಧಿ ಮುಗಿದಿತ್ತು. ನಮ್ಮ ಪಟ್ಟಿಯಲ್ಲಿ ಅದಕ್ಕೊಂದು ಅಂಕಣವೇ ಇರಲಿಲ್ಲ. ಅಂದೇ ಸಂಜೆ ಸೇರಿಸಿದೆ.