ಫುಟ್‌ಪಾತ್ ಕೇಳುವ ಮೊದಲು ದುಡ್ಡು ಯಾರ ಕಿಸೆಯಲ್ಲಿದೆ ನೋಡಿ

ಪುಣೆಯ ಧನಕವಡಿ, ಕಾತ್ರಜ್ ಭಾಗದಲ್ಲಿ ನಮ್ಮ ವಿಜಯಪುರ, ಕಲಬುರಗಿ ಕಡೆಯ ಮಂದಿ ಬಹಳ. ಗಂಡಸರು ಗೌಂಡಿ ಕೆಲಸಕ್ಕೆ, ಹೆಂಗಸರು ಮನೆಗೆಲಸಕ್ಕೆ ಎಂದು ಬೆಳಕು ಹರಿಯುವ ಮೊದಲೇ ಒಳಗಿನ ಗಲ್ಲಿಗಳಿಂದ ಸಾತಾರಾ ರಸ್ತೆಯ ಬಸ್ ಸ್ಟಾಪಿನ ತನಕ ನಡೆಯುತ್ತಾರೆ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಮೇಲೆ, ಟೆಂಪೋಗಳ ಪಕ್ಕದಲ್ಲೇ ನಡೆಯಬೇಕು. ನಾನು ಒಂದು ಪತಸಂಸ್ಥೆಯಲ್ಲಿ, ಅಂದರೆ ಸಹಕಾರಿ ಸಾಲ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಮಹಾನಗರಪಾಲಿಕೆಯ ಬಜೆಟ್ ಪುಸ್ತಕ ಓದುವುದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ಅದನ್ನು ಓದಿ, ಕಚೇರಿಗಳಿಗೆ ಅಲೆದು ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಗಲ್ಲಿಗೂ ಉಪಯೋಗಕ್ಕೆ ಬರಬಹುದು.

ಮೊದಲ ಕೆಲಸ, ನಿಮಗೆ ಬೇಕಾದದ್ದು ಯಾರ ಪಾಲಿನದು ಎಂದು ಪತ್ತೆ ಮಾಡುವುದು. ಪುಣೆಯಲ್ಲಿ ಇದೇ ಎಲ್ಲಕ್ಕಿಂತ ತೊಡಕಿನ ಸಂಗತಿ. ಬಸ್ ಓಡಿಸುವುದು ಪಿಎಂಪಿಎಂಎಲ್. 2007ರಲ್ಲಿ ಪುಣೆ ಮತ್ತು ಪಿಂಪ್ರಿ–ಚಿಂಚವಾಡದ ಎರಡು ಬಸ್ ಸಂಸ್ಥೆಗಳನ್ನು ಸೇರಿಸಿ ಮಾಡಿದ ಕಂಪನಿ ಅದು. ಅದರ ನಷ್ಟವನ್ನು ಪುಣೆ ಪಾಲಿಕೆ ನೂರಕ್ಕೆ 60, ಪಿಂಪ್ರಿ–ಚಿಂಚವಾಡ ಪಾಲಿಕೆ 40ರಂತೆ ತುಂಬಿಕೊಡುತ್ತವೆ. ಹಾಗಾಗಿ ಬಸ್ ಹೆಚ್ಚಿಸಿ ಎಂಬ ಅರ್ಜಿ ಸ್ವಾರ್‌ಗೇಟಿನ ಪಿಎಂಪಿಎಂಎಲ್ ಕಚೇರಿಗೆ ಹೋದರೂ, ಅದರ ದುಡ್ಡಿನ ಮಾತು ಪಾಲಿಕೆಯ ಬಜೆಟ್ಟಿನಲ್ಲಿ ಇರುತ್ತದೆ. ಸ್ಟಾಪಿನ ಶೆಡ್ ಪಿಎಂಪಿಎಂಎಲ್‌ದು, ಅದು ನಿಂತಿರುವ ಫುಟ್‌ಪಾತ್ ಪಾಲಿಕೆಯದು. ಪಾಲಿಕೆಯೊಳಗೂ ಮತ್ತೆ ಎರಡು ಭಾಗ: 12 ಮೀಟರಿಗಿಂತ ಕಡಿಮೆ ಅಗಲದ ರಸ್ತೆ ಕ್ಷೇತ್ರೀಯ ಕಾರ್ಯಾಲಯಕ್ಕೆ, ಅಂದರೆ ನಮ್ಮ ಭಾಗದ ವಾರ್ಡ್ ಕಚೇರಿಗೆ, ಅದಕ್ಕಿಂತ ದೊಡ್ಡದು ಮುಖ್ಯ ಕಚೇರಿಯ ಪಥ (ರಸ್ತೆ) ವಿಭಾಗಕ್ಕೆ. ಕಾತ್ರಜಿನಿಂದ ದೇಹೂ ರೋಡ್ ಕಡೆ ಹೋಗುವ ಬೈಪಾಸ್ ಹೆದ್ದಾರಿ ಪ್ರಾಧಿಕಾರದ್ದು. ಕ್ಯಾಂಟೋನ್ಮೆಂಟಿನ ರಸ್ತೆಯಾದರೆ ರಕ್ಷಣಾ ಇಲಾಖೆಯ ಮಂಡಳಿ. ನಗರದ ಹೊರಗಿನ ಹಳ್ಳಿಗಳ ಯೋಜನೆ 2015ರಲ್ಲಿ ಹುಟ್ಟಿದ ಪಿಎಂಆರ್‌ಡಿಎ ಎಂಬ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ.

ಇದನ್ನು ತಿಳಿಯದೆ ಹೋದರೆ ಟೇಬಲ್ಲಿನ ಆಚೆ ಕೂತವರು ‘ಹೇ ಆಮ್ಚ್ಯಾಕಡೆ ಯೇತ್ ನಾಹಿ, ಕಾಕಾ’ (ಇದು ನಮ್ಮ ಕಡೆ ಬರುವುದಿಲ್ಲ, ಕಾಕಾ) ಎಂದು ಕಳಿಸುತ್ತಾರೆ. ಹಾಗಂದವರ ಮಾತು ಎಷ್ಟೋ ಸಲ ನಿಜವೂ ಆಗಿರುತ್ತದೆ. ಆದ್ದರಿಂದ ಒಂದು ಟೇಪ್ ತೆಗೆದುಕೊಂಡು ಹೋಗಿ ರಸ್ತೆಯ ಅಗಲ ಅಳೆಯಿರಿ. 12 ಮೀಟರಿನ ಆಸುಪಾಸಿನಲ್ಲಿದ್ದರೆ ವಿಕಾಸ ಆರಾಖಡಾ, ಅಂದರೆ ನಗರದ ಅಭಿವೃದ್ಧಿ ನಕ್ಷೆಯಲ್ಲಿ ಎಷ್ಟು ಬರೆದಿದೆ ಎಂದು ಕೇಳಿ.

ಎರಡನೆಯದು ತಿಂಗಳು. ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮಾರ್ಚ್‌ನಲ್ಲಿ ಫುಟ್‌ಪಾತ್ ಕೇಳಿದರೆ ಮುಂದಿನ ಬಜೆಟ್ ಆಗಲೇ ಅಚ್ಚಾಗಿರುತ್ತದೆ. ಪುಣೆ ಪಾಲಿಕೆಯಲ್ಲಿ 2006ರಿಂದ ನಾಗರಿಕರ ಸಹಭಾಗದ ಬಜೆಟ್ ಎಂಬ ಪದ್ಧತಿ ಇದೆ. ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಕ್ಷೇತ್ರೀಯ ಕಾರ್ಯಾಲಯದಲ್ಲೂ ಆನ್‌ಲೈನಿನಲ್ಲೂ ಫಾರ್ಮ್ ಸಿಗುತ್ತದೆ. ಒಂದು ಕೆಲಸಕ್ಕೆ 5 ಲಕ್ಷ ರೂಪಾಯಿಯ ಮಿತಿ ಇಟ್ಟುಕೊಂಡು ಬಂದಿದ್ದಾರೆ. ಫುಟ್‌ಪಾತ್ ದುರಸ್ತಿ, ಬಸ್ ಸ್ಟಾಪಿನ ಬಳಿ ದೀಪ, ಸೈಕಲ್ ನಿಲ್ಲಿಸುವ ಜಾಗ, ರಸ್ತೆ ದಾಟಲು ಪಟ್ಟೆ, ಇಂಥವೆಲ್ಲ ಅದರೊಳಗೆ ಬರುತ್ತವೆ. ಇಡೀ ರಸ್ತೆ ಸರಿಮಾಡಿ ಎಂದು ಬರೆದರೆ ಮಿತಿ ಮೀರಿತೆಂದು ಬದಿಗಿಡುತ್ತಾರೆ. ಶಾಲೆಯ ಗೇಟಿನಿಂದ ಸ್ಟಾಪಿನ ತನಕ ಎಂದು ತುಂಡು ಮಾಡಿ ಬರೆದರೆ ಒಳಗೆ ಸೇರುವ ಸಾಧ್ಯತೆ ಹೆಚ್ಚು. ಈ ಫಾರ್ಮಿನ ವಿಚಾರ ನಮ್ಮ ಮಂದಿಗೆ ಗೊತ್ತೇ ಇಲ್ಲ ಎಂಬುದು ನನಗೆ ದೊಡ್ಡ ಸಂಕಟ. ತೆರಿಗೆ ಕಟ್ಟುವ ಬಾಡಿಗೆ ಮನೆಯ ಮಾಲೀಕನಿಗೆ ಗೊತ್ತಿರುತ್ತದೆ, ದಿನಾ ಆ ರಸ್ತೆಯಲ್ಲಿ ನಡೆಯುವ ಕಮಲಮ್ಮ, ಶರಣಪ್ಪ ಅಂಥವರಿಗೆ ಗೊತ್ತಿರುವುದಿಲ್ಲ.

ಅರ್ಜಿ ಮರಾಠಿಯಲ್ಲಿ ಬರೆಯಿರಿ, ಕಚೇರಿಯ ವ್ಯವಹಾರ ಅದರಲ್ಲೇ ನಡೆಯುತ್ತದೆ. ಮನೆಯಲ್ಲಿ ಮರಾಠಿ ಶಾಲೆಗೆ ಹೋಗುವ ಮಗಳೋ ಮೊಮ್ಮಗನೋ ಇದ್ದೇ ಇರುತ್ತಾರೆ, ಅವರ ಕೈಯಿಂದ ಬರೆಸಿ. ಒಂದು ಪುಟ ಸಾಕು. ಯಾವ ರಸ್ತೆ, ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಯಾವ ಪ್ರಭಾಗ (ವಾರ್ಡ್), ಇಷ್ಟು ಮೊದಲ ನಾಲ್ಕು ಸಾಲಿನಲ್ಲಿ ಬರಲಿ. ಆಮೇಲೆ ಎಣಿಕೆ. ಒಂದು ಕೆಲಸದ ದಿನ ಬೆಳಿಗ್ಗೆ ಒಂದು ತಾಸು ಅಲ್ಲಿ ನಿಂತು, ನಡೆದು ಹೋದವರು ಎಷ್ಟು, ಅದರಲ್ಲಿ ಮಕ್ಕಳೆಷ್ಟು, ಮುದುಕರೆಷ್ಟು, ಎಷ್ಟು ಮಂದಿ ಬಸ್ ಹತ್ತಿದರು ಎಂದು ಗೆರೆ ಎಳೆಯುತ್ತ ಎಣಿಸಿ. ಸಿಟ್ಟಿನ ಮಾತು ಎಷ್ಟು ಬರೆದರೂ ಇಂಜಿನಿಯರ್ ಅದನ್ನು ಎಸ್ಟಿಮೇಟಿಗೆ ಸೇರಿಸಲಾರ, ಎಣಿಕೆಯನ್ನು ಸೇರಿಸಬಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ರಸ್ತೆ ಇಂಜಿನಿಯರುಗಳ ಸಂಸ್ಥೆಯ 103ನೇ ಮಾರ್ಗಸೂಚಿ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಅಗಲ ಬೇಕೆನ್ನುತ್ತದೆ. ಎತ್ತರ 150 ಮಿಲಿಮೀಟರ್ ಮೀರಬಾರದು. ಪಾಲಿಕೆಯೇ 2016ರಲ್ಲಿ ರಸ್ತೆ ವಿನ್ಯಾಸದ ಮಾರ್ಗಸೂಚಿಯನ್ನೂ ಪಾದಚಾರಿ ನೀತಿಯನ್ನೂ ಒಪ್ಪಿಕೊಂಡಿದೆ. ಈ ಎರಡನ್ನೂ ಹೆಸರಿಸಿದರೆ ನೀವು ದಯೆ ಬೇಡುತ್ತಿಲ್ಲ, ಅವರ ನಿಯಮವನ್ನೇ ಅವರಿಗೆ ನೆನಪಿಸುತ್ತಿದ್ದೀರಿ ಎಂದಾಗುತ್ತದೆ.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಕಚೇರಿಯ ಸಿಕ್ಕಾ (ಮುದ್ರೆ) ಹಾಕಿಸಿ, ಆವಕ್ ಕ್ರಮಾಂಕ, ಅಂದರೆ ಅರ್ಜಿ ಬಂದ ದಾಖಲೆಯ ನಂಬರ್ ಬರೆಸಿಕೊಂಡು ವಾಪಸ್ ತನ್ನಿ. ಆ ನಂಬರ್ ಇಲ್ಲದ ಅರ್ಜಿಯನ್ನು ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಇನ್ನು ಬಜೆಟ್ ಪುಸ್ತಕ. ಆಯುಕ್ತರು ಅದನ್ನು ಸ್ಥಾಯೀ ಸಮಿತಿಯ ಮುಂದಿಡುತ್ತಾರೆ, ಸಮಿತಿ ತಿದ್ದಿ ಮುಖ್ಯ ಸಭೆಗೆ ಕಳಿಸುತ್ತದೆ. 2022ರ ಮಾರ್ಚಿನಲ್ಲಿ ನಗರಸೇವಕರ (ಪಾಲಿಕೆ ಸದಸ್ಯರ) ಅವಧಿ ಮುಗಿದ ಮೇಲೆ ಕೆಲವು ವರ್ಷ ಈ ಎರಡೂ ಮೆಟ್ಟಿಲಿನ ಅಧಿಕಾರ ಆಡಳಿತಾಧಿಕಾರಿಯೊಬ್ಬರ ಕೈಯಲ್ಲೇ ಇತ್ತು. ಪುಸ್ತಕ ಪಾಲಿಕೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಮ್ಮ ಕೆಲಸದ ಹೆಸರಿನ ಮುಂದೆ ತರತೂದ್, ಅಂದರೆ ಮೀಸಲಿಟ್ಟ ಹಣ ಎಂಬ ಕಾಲಮ್ಮಿನಲ್ಲಿ ಅಂಕಿ ಇದೆಯೇ ನೋಡಿ. ಇದ್ದರೆ ಅರ್ಧ ದಾರಿ ಮಾತ್ರ ಬಂದಿರಿ. ವರ್ಷದ ನಡುವೆ ಒಂದು ಕೆಲಸದ ದುಡ್ಡನ್ನು ಇನ್ನೊಂದಕ್ಕೆ ತಿರುಗಿಸುವ ಪದ್ಧತಿ ಇದೆ, ಅದಕ್ಕೆ ವರ್ಗೀಕರಣ ಎನ್ನುತ್ತಾರೆ. ಲೆಕ್ಕ ಬರೆದವನಾಗಿ ಹೇಳುತ್ತೇನೆ, ಜನರ ಕೆಲಸಗಳು ಸದ್ದಿಲ್ಲದೆ ಸಾಯುವುದು ಇಲ್ಲೇ. ದೀಪಾವಳಿ ಮುಗಿದ ಮೇಲೂ ಟೆಂಡರ್ ಕರೆದಿಲ್ಲವೆಂದರೆ ಎಚ್ಚರಗೊಳ್ಳಿ.

ಆಗ ಎರಡು ದಾರಿ. ಪಾಲಿಕೆಯಲ್ಲಿ ಸೋಮವಾರ ಮಧ್ಯಾಹ್ನ 3ರಿಂದ 5ರ ತನಕ ಕಡತಗಳನ್ನು ಕೂತು ನೋಡಲು ಜನರಿಗೆ ಅವಕಾಶ ಕೊಡುತ್ತ ಬಂದಿದ್ದರು, ಈಗಲೂ ಇದೆಯೇ ಎಂದು ಕೇಳಿಕೊಂಡು ಹೋಗಿ. ಪುಣೆಯ ಈ ಪದ್ಧತಿಯನ್ನು 2018ರಲ್ಲಿ ರಾಜ್ಯ ಸರ್ಕಾರವೂ ಒಪ್ಪಿ ಉಳಿದ ಕಚೇರಿಗಳಿಗೆ ವಿಸ್ತರಿಸಿತು. ಕಡತದಲ್ಲಿ ಎಸ್ಟಿಮೇಟ್, ಮಂಜೂರಾತಿ, ಕಾರ್ಯಾದೇಶ ಈ ಮೂರನ್ನು ಹುಡುಕಿ. ಕಡತ ಸಿಗಲಿಲ್ಲವೆಂದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್, 30 ದಿನದಲ್ಲಿ ಉತ್ತರ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದೊಳಗೆ. ‘ಯಾಕೆ ಮಾಡಲಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಿಲ್ಲ ಎನ್ನುತ್ತಾರೆ. ‘ಇಂಥ ಕೆಲಸದ ತರತೂದಿನಿಂದ ಆದ ವರ್ಗೀಕರಣದ ಆದೇಶದ ಪ್ರತಿ ಕೊಡಿ’ ಎಂದು ಕೇಳಿ. ಉತ್ತರ ಕೈಗೆ ಬಂದ ಮೇಲೆ ತಿಂಗಳ ಮೊದಲ ಸೋಮವಾರದ ಲೋಕಶಾಹಿ ದಿನಕ್ಕೆ, ಅಂದರೆ ಜನರ ದೂರು ಕೇಳುವ ದಿನಕ್ಕೆ ಮುಂಚಿತವಾಗಿ ಅರ್ಜಿ ಹಾಕಿ, ಹಿರಿಯ ಅಧಿಕಾರಿಯ ಎದುರು ಆ ಕಾಗದ ಇಡಬಹುದು.

ದುಡ್ಡು ಇದ್ದರೆ ರಸ್ತೆ ಆಗುತ್ತದೆ ಎಂದೂ ಇಲ್ಲ. ನಮ್ಮ ಪಕ್ಕದ ಕಾತ್ರಜ್–ಕೊಂಢವಾ ರಸ್ತೆ ನೋಡಿ. 84 ಮೀಟರ್ ಅಗಲ ಮಾಡುವ ಯೋಜನೆ ಇತ್ತು. ಜಾಗ ಕೊಳ್ಳುವ ಖರ್ಚು ತಡೆಯಲಾಗದೆ ಸದ್ಯಕ್ಕೆ 50 ಮೀಟರಿಗೆ ಇಳಿಸಬೇಕಾಯಿತು. ಆದ್ದರಿಂದ ಫುಟ್‌ಪಾತಿನ ಜಾಗ ಪಾಲಿಕೆಯ ಹೆಸರಿನಲ್ಲೇ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಖಾಸಗಿಯವರ ಜಾಗವಾಗಿದ್ದರೆ ಆ ತುಂಡು ಬಿಟ್ಟು ಉಳಿದದ್ದಕ್ಕೆ ಅರ್ಜಿ ಹಾಕುವುದು ಲೇಸು.

ಮೆಟ್ರೋ ವಿಚಾರ ಬೇರೆ. ಸ್ವಾರ್‌ಗೇಟ್–ಕಾತ್ರಜ್ ನೆಲದಡಿಯ ಮಾರ್ಗಕ್ಕೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು: 5.46 ಕಿಲೋಮೀಟರ್, 2,954.53 ಕೋಟಿ ರೂಪಾಯಿ, ಮುಗಿಸುವ ಗುರಿ 2029ರ ಫೆಬ್ರುವರಿ. ಆ ದುಡ್ಡಿನ ಹೆಚ್ಚಿನ ಪಾಲು ಕೇಂದ್ರ, ರಾಜ್ಯ ಮತ್ತು ಸಾಲದ್ದು. ನಮ್ಮ ಪ್ರಭಾಗದ ಅರ್ಜಿಯಿಂದ ಅದರ ದಾರಿ ಬದಲಾಗದು. ಆದರೆ ನಿಲ್ದಾಣದ ಬಾಗಿಲಿನಿಂದ ನಮ್ಮ ಗಲ್ಲಿಯ ತನಕದ ಫುಟ್‌ಪಾತ್, ಅಲ್ಲಿಗೆ ಬರುವ ಸಣ್ಣ ಬಸ್ಸು, ರಸ್ತೆ ದಾಟುವ ಜಾಗ, ಇವು ಪಾಲಿಕೆ ಮತ್ತು ಪಿಎಂಪಿಎಂಎಲ್ ಬಜೆಟ್ಟಿನ ಮಾತು. ಅವನ್ನು ನಿಲ್ದಾಣ ತೆರೆದ ಮೇಲೆ ಕೇಳಿದರೆ ತಡ, ಈಗಿನಿಂದಲೇ ಪ್ರತಿ ವರ್ಷದ ಫಾರ್ಮಿನಲ್ಲಿ ಬರೆಯುತ್ತ ಹೋಗಬೇಕು.

ಕೆಲಸ ಶುರುವಾದ ದಿನ ಕಾರ್ಯಾದೇಶದ ಪ್ರತಿ ಹಿಡಿದು ನಿಂತು ನೋಡಿ. ಬರೆದಷ್ಟು ಉದ್ದ ಆಯಿತೇ, ಅಗಲ 1.8 ಮೀಟರ್ ಉಳಿಯಿತೇ, ನಡುವೆ ವಿದ್ಯುತ್ ಪೆಟ್ಟಿಗೆ ಬಂದು ಕೂತಿತೇ. ಮುಗಿದ ಮೇಲೆ ದೋಷ ದಾಯಿತ್ವದ ಅವಧಿ ಎಷ್ಟೆಂದು ಬರೆದಿಟ್ಟುಕೊಳ್ಳಿ. ಆ ಅವಧಿಯೊಳಗೆ ಹಾಸುಗಲ್ಲು ಎದ್ದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಮಾಡಬೇಕು. ಮೊದಲ ಮಳೆಗಾಲ ಕಳೆದ ಕೂಡಲೇ ಎದ್ದ ಕಲ್ಲುಗಳ ಫೋಟೋ ತೆಗೆದು, ಗುತ್ತಿಗೆದಾರನ ಅನಾಮತ್ತು ಹಣ ವಾಪಸಾಗುವ ಮೊದಲೇ ಕ್ಷೇತ್ರೀಯ ಕಾರ್ಯಾಲಯಕ್ಕೆ ಪತ್ರ ಕೊಟ್ಟು ಆವಕ್ ಕ್ರಮಾಂಕ ಪಡೆಯಿರಿ.